ಹಳದಿ ಪಟ್ಟಿ ಕಟ್ಟಿದ ತೂತು

ಆ ದಿನ ಬೆಳಿಗ್ಗೆ ಇವರು ಎರಡು ಲೋಟ ಚಹಾ ಕುಡಿದರು. ಎರಡನೆಯದಕ್ಕೆ ಸಕ್ಕರೆ ಕಮ್ಮಿ ಅಂತ ಗೊಣಗಿದರು. ನಾನು ಎದ್ದು ಹಾಕಲಿಲ್ಲ. ಇವರಿದ್ದ ಕೊನೆಯ ಬೆಳಿಗ್ಗೆ ಅದು.

ನನ್ನ ಗಂಡ ಲಾರಿ ಇಂಜಿನ್ ಮೇಸ್ತ್ರಿ. ಶೆಡ್ಡು ಮನೆಗೆ ಅಂಟಿಕೊಂಡೇ ಇದೆ. ಅಡುಗೆಮನೆ ಕಿಟಕಿ ತೆಗೆದರೆ ಗ್ರೀಸಿನ ವಾಸನೆ. ನಾನು ಮೂರನೇ ಕ್ಲಾಸು ಓದಿದವಳು, ಇವರು ಅಷ್ಟೂ ಇಲ್ಲ. ಬರೆದಿಟ್ಟುಕೊಳ್ಳಲು ಬಾರದ್ದಕ್ಕೆ ಇವರೇ ಒಂದು ದಾರಿ ಮಾಡಿಕೊಂಡಿದ್ದರು. ಪೈಪು ಬಿಚ್ಚಿದರೆ ಪೈಪಿಗೊಂದು, ಅದು ಕೂರುವ ತೂತಿಗೊಂದು ಬಟ್ಟೆ ಪಟ್ಟಿ ಕಟ್ಟುವುದು. ಕೆಂಪಿಗೆ ಕೆಂಪು, ನೀಲಿಗೆ ನೀಲಿ. ಜೊತೆ ಯಾವುದೆಂದು ಗೊತ್ತಾಗದ ತೂತಿಗೆ ಹಳದಿ. ಹಳದಿ ಇರುವ ಗಾಡಿ ಶೆಡ್ಡಿನ ಬಾಗಿಲು ದಾಟಬಾರದು. ಇಪ್ಪತ್ತಾರು ವರ್ಷ ಒಂದೂ ದಾಟಿರಲಿಲ್ಲ. ಹಳೇ ಹೊದಿಕೆ, ಪರದೆ ಹರಿದು ಪಟ್ಟಿ ಮಾಡಿಕೊಡುತ್ತಿದ್ದವಳು ನಾನು. ಬೀದಿಯವರು ಇವರನ್ನು ಚಿಂದಿ ಮೇಸ್ತ್ರಿ ಅನ್ನುತ್ತಿದ್ದರು. ಇವರೂ ನಗುತ್ತಿದ್ದರು.

ಆ ಕೊನೆಯ ಬೆಳಿಗ್ಗೆಗೆ ಎಂಟು ದಿನ ಮುಂಚೆ ಒಂದು ಲಾರಿ ಬಂತು. ಹಳೇ ಕಾಲದ ಪೆಟ್ರೋಲ್ ಇಂಜಿನ್ನು. ಮೂರು ವರ್ಷ ಬಯಲಲ್ಲಿ ನಿಂತು ಪೈಪುಗಳನ್ನೆಲ್ಲ ಇಲಿಗಳು ತಿಂದಿದ್ದವು. ಗಾಡಿಯವನು ಬಾಯಿಬಡುಕ.

"ಇಂಜಿನ್ ಒಂದು ಓಡೋ ಹಾಗೆ ಮಾಡಿಕೊಡಿ ಮೇಸ್ತ್ರಿ, ಸಾಕು. ಬ್ರೇಕ್ ಒತ್ತೋಕೆ ಮೊದಲಿಂದಲೂ ಆನೆ ಕಾಲೇ ಬೇಕು. ನಮ್ಮಪ್ಪಂಗೆ ಇತ್ತು!" ಅಂದ.

ಇವರು ನಕ್ಕರು. ನಾನೂ ನಕ್ಕೆ.

ಇಂಟೇಕ್ ಮ್ಯಾನಿಫೋಲ್ಡ್ ಬಿಚ್ಚಿ ನನ್ನ ಮುಂದೆ ಇಟ್ಟರು. ಇಂಜಿನ್ ಉಸಿರೆಳೆದುಕೊಳ್ಳುವ ಕಬ್ಬಿಣದ ಕೊಳವೆ ಅದು. ಮೈಮೇಲೆ ಸಣ್ಣ ತೂತುಗಳು. ಒಂದು ವೈಪರಿನದು, ಒಂದು ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನದು, ಒಂದು ಹೊಗೆ ವಾಪಸ್ ಬರುವುದು. ಸೀಮೆಎಣ್ಣೆಯಲ್ಲಿ ತೊಳೆದು ತಂತಿಯಲ್ಲಿ ಕೆರೆಯುತ್ತಿದ್ದೆ. ಹಿಂಭಾಗದಲ್ಲಿ ಮಸಿ ಗಟ್ಟಿಯಾದ ಕಡೆ ತಂತಿ ಸರಕ್ಕನೆ ಒಳಗೆ ಹೋಯಿತು.

"ರೀ, ಇಲ್ಲಿ ಇನ್ನೊಂದು ತೂತಿದೆ."

"ಎಲ್ಲಿಂದ ಬಂತೇ ಅದು? ನೀನೇ ಕೊರೆದೆಯೋ?"

"ನಿಮ್ಮ ತಲೆ ಕೊರೆದು ಸಾಕಾಗಿ ಇದಕ್ಕೆ ಕೈ ಹಾಕಿದೆ."

ಇವರು ಹಳದಿ ಕಟ್ಟಿದರು. ನಾಲ್ಕು ದಿನ ಅದರ ಜೊತೆ ಹುಡುಕಿದರು. ಉಣ್ಣುವಾಗಲೂ ಅದೇ ಯೋಚನೆ, ತುತ್ತು ಕೈಯಲ್ಲೇ ಇರುತ್ತಿತ್ತು.

ಕೊನೆಯ ದಿನ ಎಲ್ಲ ಜೋಡಿಸಿ ಇಂಜಿನ್ ಶುರು ಮಾಡಿದರು. ಗೂರಲು ಹಿಡಿದ ಮುದುಕನ ಹಾಗೆ ಕೆಮ್ಮಿತು. ಆ ತೂತಿಗೆ ಹೆಬ್ಬೆರಳು ಒತ್ತಿದರು. ಕೆಮ್ಮು ನಿಂತಿತು. ಬೆರಳು ಸುಲಭಕ್ಕೆ ಬರಲಿಲ್ಲ. ಕಿತ್ತಾಗ ತುದಿ ಬೆಳ್ಳಗೆ ಉಬ್ಬಿತ್ತು.

"ಸತ್ತ ತೂತಲ್ಲ ಕಣೇ ಇದು. ಎಷ್ಟು ಜೋರಾಗಿ ಎಳೀತದೆ ನೋಡು. ಏನೋ ದೊಡ್ಡದಕ್ಕೇ ಇರಬೇಕು."

ಗಾಡಿಯವನು ಹೊಸ್ತಿಲಲ್ಲೇ ನಿಂತಿದ್ದ. "ಗುಡ್ಡದ ಮೇಲೆ ಜಲ್ಲಿ ಕಾಯ್ತಿದೆ ಮೇಸ್ತ್ರಿ. ಆ ತೂತಿಗೆ ಒಂದು ಬೋಲ್ಟ್ ಜಡಿದು ಬಿಡ್ರಿ. ಇಷ್ಟು ವರ್ಷ ಮುಚ್ಚಿಕೊಂಡೇ ಓಡಿಲ್ವಾ?"

ಇವರು ಉಬ್ಬಿದ ಬೆರಳನ್ನು ಅಂಗಿಗೆ ಒರೆಸಿಕೊಂಡರು. ಆಮೇಲೆ ಬೋಲ್ಟ್ ಜಡಿದರು. ಇಂಜಿನ್ ಒಂದೇ ಸಮ ಗುಯ್ಯೆಂದಿತು.

"ಹಳದಿ ಬಿಚ್ಚು," ಅಂದರು.

"ಜೊತೆ ಸಿಕ್ಕಿತಾ?"

"ಬೋಲ್ಟೇ ಅದರ ಜೊತೆ ಅಂದ್ಕೋ."

ಗಂಟು ಬಿಗಿಯಾಗಿತ್ತು. ಬಗ್ಗಿ ಹಲ್ಲಿನಲ್ಲಿ ಕಚ್ಚಿ ಬಿಚ್ಚಿದೆ. ಬಾಯೆಲ್ಲ ಸೀಮೆಎಣ್ಣೆ ರುಚಿ.

ಶೆಡ್ಡಿನ ಮುಂದೆ ಬ್ರೇಕ್ ಒತ್ತಿ ನೋಡಿದರು. "ಕಲ್ಲಿನಷ್ಟು ಬಿಗಿ. ನಿಂತು ನಿಂತು ಹಾಗಾಗಿದೆ. ಓಡಿದ್ರೆ ಸಡಿಲ ಆಗುತ್ತೆ," ಅಂದರು. ಲೋಡಿನ ಮೇಲೆ ಇಂಜಿನ್ ಎಳೆಯುತ್ತದೋ ಇಲ್ಲವೋ ತಾವೇ ನೋಡಬೇಕು ಅಂತ ಸ್ಟಿಯರಿಂಗ್ ಹಿಡಿದರು. "ಊಟಕ್ಕೆ ಬರ್ತೀನಿ, ತಟ್ಟೆ ಇಡು."

ತಟ್ಟೆ ಇಟ್ಟೆ. ಅನ್ನ ಆರಿತು. ಮೇಲೆ ಇನ್ನೊಂದು ತಟ್ಟೆ ಮುಚ್ಚಿದೆ. ಮೂರು ಗಂಟೆಗೆ ಗಾಡಿಯವನು ಬಂದ, ಮೈಯೆಲ್ಲ ಧೂಳು, ತೋಳು ಮುರಿದಿತ್ತು. ಅವನ ಬಾಯಲ್ಲಿ ಮಾತೇ ಇಲ್ಲ. ಅಷ್ಟರಲ್ಲೇ ನನಗೆ ಗೊತ್ತಾಯಿತು. ಕೊನೆಗೆ ಅಂದ: "ಇಳಿಜಾರಲ್ಲಿ ಎರಡೂ ಕಾಲಿಟ್ಟು ಪೆಡಲ್ ಮೇಲೆ ನಿಂತೇಬಿಟ್ರು ಅಮ್ಮಾ. ಗಾಡಿ ನಿಲ್ಲಲಿಲ್ಲ. ನನ್ನನ್ನ ಹೊರಗೆ ತಳ್ಳಿದ್ರು."

ಲಾರಿ ಗುಡ್ಡದ ಕೆಳಗಿನ ಗೋಡೆಗೆ ಗುದ್ದಿತ್ತು.

ನನ್ನ ಮೈದುನನೂ ಮೇಸ್ತ್ರಿಯೇ. ನಜ್ಜುಗುಜ್ಜಾದ ಗಾಡಿಯ ಕೆಳಗೆ ಒಂದಿಡೀ ದಿನ ಮಲಗಿ ನೋಡಿದ. ಎದ್ದು ಬಂದು ಕೈ ಒರೆಸುತ್ತಲೇ ಇದ್ದ.

"ಅತ್ತಿಗೆ, ಅದು ಬ್ರೇಕಿನ ತೂತು. ಇಂಜಿನ್ ಅಲ್ಲಿಂದ ಗಾಳಿ ಎಳೆದು ಕಾಲಿಗೆ ಬಲ ಕೊಡುತ್ತೆ. ಅದರ ಪೈಪಿನ ತುಂಡು ಗಾಡಿಯ ಅಡಿಯಲ್ಲೇ ಇದೆ, ಮಣ್ಣು ಮೆತ್ತಿಕೊಂಡು. ಇಲಿ ಕಡಿದದ್ದು."

"ಮಸಿ ಕೆರೆದು ಆ ತೂತು ಬಿಡಿಸಿದ್ದೆ ನಾನು. ನಿಮ್ಮಣ್ಣ ಮುಚ್ಚಿದರು."

"ಅಣ್ಣಂಗೂ ಹೊಳೀಲಿಲ್ಲ ಅತ್ತಿಗೆ."

"ಹಳದಿ ಬಿಚ್ಚಿದ್ದು ನಾನು."

"ಅಣ್ಣ ಹೇಳಿದ್ದಕ್ಕೆ ತಾನೇ?"

"ಹಲ್ಲು ನನ್ನದು," ಅಂದೆ.

ಈಗ ಶೆಡ್ಡು ಮೈದುನ ನೋಡಿಕೊಳ್ಳುತ್ತಾನೆ. ಅವನು ಬರುವ ಮುಂಚೆ, ಚಹಾಕ್ಕೆ ನೀರಿಟ್ಟು, ನಾನು ಶೆಡ್ಡಿಗೆ ಹೋಗುತ್ತೇನೆ. ನಿಂತಿರುವ ಹಳೇ ಗಾಡಿಗಳಿಗೆ ಒಂದೊಂದಾಗಿ ಹತ್ತುತ್ತೇನೆ. ಒಳಗೆ ಉಳಿದ ಬಲ ಹೋಗಲೆಂದು ಬ್ರೇಕ್ ಪೆಡಲ್ಲನ್ನು ನಾಲ್ಕು ಸಲ ಒತ್ತಿ ಬಿಟ್ಟು, ಐದನೇ ಸಲ ಒತ್ತಿ ಹಿಡಿದು, ಇಂಜಿನ್ ಶುರು ಮಾಡುತ್ತೇನೆ. ಇಂಜಿನ್ನಿನ ಬಲ ಸಿಕ್ಕರೆ ಕಾಲಡಿ ಪೆಡಲ್ ಒಂದು ಬೆರಳಿನಷ್ಟು ತಾನಾಗಿ ಇಳಿಯಬೇಕು. ಇಳಿಯದಿದ್ದರೆ ಸ್ಟಿಯರಿಂಗಿಗೆ ಹಳದಿ ಕಟ್ಟಿ ಇಳಿಯುತ್ತೇನೆ. ಈವತ್ತು ಮೂರು ಗಾಡಿ ಇದ್ದವು. ಎರಡರಲ್ಲಿ ಪೆಡಲ್ ಇಳಿಯಿತು.