ಉಪ್ಪಿನಕಾಯಿಗೆ ಆಗದ ಕೈ

ಬೆಳಿಗ್ಗೆ ಮೂಡಲಪಾಳ್ಯದ ನಮ್ಮ ಎದುರುಮನೆಯಿಂದ ಮೆಂತ್ಯ, ಸಾಸಿವೆ ಹುರಿದ ಘಾಟು ಬಂತು. ತಕ್ಷಣ ಅಜ್ಜಿಯ ಉಪ್ಪಿನಕಾಯಿ ಜಾಡಿ ನೆನಪಾಯಿತು. ಬಾಯಿಗೆ ಬಿಳಿ ಬಟ್ಟೆ ಕಟ್ಟಿದ ಆ ಜಾಡಿಯ ಹತ್ತಿರ ನಾನು ಸುಳಿದರೆ ಸಾಕು, "ನಿನ್ನ ಕೈ ಉಷ್ಣ ಕಣೇ, ಮುಟ್ಟಿದ್ರೆ ಬೂಷ್ಟು ಬರುತ್ತೆ" ಎನ್ನುತ್ತಿದ್ದರು. ನಂಬಿಬಿಟ್ಟೆ. ಮದುವೆಯಾಗಿ ಮಗಳು ಹುಟ್ಟಿದ ಮೇಲೂ ನಮ್ಮನೆಗೆ ಅಂಗಡಿ ಉಪ್ಪಿನಕಾಯಿಯೇ.

ಚಿಕ್ಕಪ್ಪನ ಮಗಳಿಗೆ ಫೋನಿನಲ್ಲಿ ಇದನ್ನು ಹೇಳಿದರೆ ಬಿದ್ದು ಬಿದ್ದು ನಕ್ಕಳು. "ನಂಗೂ ಅದೇ ಹೇಳಿದ್ರು ಕಣೇ! ನಾನೂ ಇವತ್ತಿನವರೆಗೂ ಹಾಕಿಲ್ಲ."

ಜಾಡಿ ಕಾಯಲು ಅಜ್ಜಿ ಮೊಮ್ಮಕ್ಕಳಿಗೆಲ್ಲ ಹಂಚಿದ ಉಷ್ಣ ಅದು!

ಸಂಜೆಯೇ ಮಾವಿನಕಾಯಿ ತಂದು ಹೆಚ್ಚಿ ಪಾತ್ರೆಗೆ ಹಾಕಿ, ಮೇಲೆ ಉಪ್ಪು, ಖಾರ ಸುರಿದೆ. ಮಗಳು ಓಡಿಬಂದು ಪಾತ್ರೆಗೆ ಕೈ ಚಾಚಿದಳು. "ನಿನ್ನ ಕೈ..." ಎಂದವಳು ನಾಲಿಗೆ ಕಚ್ಚಿಕೊಂಡೆ.

"...ಒದ್ದೆಯಾಗಿದೆ. ಒರೆಸ್ಕೊಂಡು ಬಾ, ನೀನೇ ಕಲಸುವಂತೆ."