ಹಲ್ಲಿಗೆ ತಂತಿ, ಕೊರಳಿಗೆ ಕತ್ತರಿ

ನ್ಯಾಮತಿಯಲ್ಲಿ ನಾನು ರವಿಕೆ ಹೊಲಿಯುತ್ತೇನೆ. ಕತ್ತರಿ ಮಷಿನ್ ಮೇಲೆಯೇ ಇದ್ದರೂ ಅದಕ್ಕೆ ಕೈ ಚಾಚುವಷ್ಟರಲ್ಲಿ ಹಲ್ಲು ದಾರ ಕಡಿದು ಮುಗಿಸಿರುತ್ತಿತ್ತು. ಹೀಗೆ ದುಡಿಸಿಕೊಂಡ ಕೆಳಗಿನ ಎರಡು ಮುಂಬಲ್ಲುಗಳು, ಮಗಳ ಮದುವೆ ಹತ್ತಿರ ಬಂದಾಗಲೇ ಅಲ್ಲಾಡತೊಡಗಿದವು.

ಬೀಗರು ಜಗಳೂರು ಕಡೆಯವರು. ಮದುವೆಯಲ್ಲಿ ಬೀಗರನ್ನು ಛೇಡಿಸಿ ಪದ ಹೇಳುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ನಿಶ್ಚಿತಾರ್ಥದಲ್ಲಿ ಬೀಗಿತಿಯ ಮೂಗಿನ ಮೇಲೆ ನಾನೇ ಪದ ಕಟ್ಟಿ ಹಾಡಿದ್ದೆ. ಆಕೆಯೂ ನಕ್ಕು, "ಮದುವೆ ಬರ್ಲಿ, ನಿಮಗೂ ಐತೆ" ಎಂದಿದ್ದಳು. ಅಂಥವಳ ಮುಂದೆ ಬೊಚ್ಚುಬಾಯಿ ಬಿಟ್ಟು ನಿಲ್ಲುವುದೇ? ಪ್ರಾಣ ಹೋದರೂ ಸರಿ, ಹಲ್ಲು ಹೋಗಬಾರದು ಎನಿಸಿತು.

ಹೊನ್ನಾಳಿಯ ಹಲ್ಲಿನ ಡಾಕ್ಟರ ಬಳಿ ಓಡಿದೆ. ಅವರು ವಸಡು ಸ್ವಚ್ಛ ಮಾಡಿ, ಅಲ್ಲಾಡುವ ಹಲ್ಲುಗಳನ್ನು ಪಕ್ಕದ ಗಟ್ಟಿ ಹಲ್ಲುಗಳಿಗೆ ಸೇರಿಸಿ ಹಿಂದುಗಡೆ ತೆಳ್ಳನೆಯ ತಂತಿ ಅಂಟಿಸಿದರು.

"ಮುಂದಿನ ಹಲ್ಲಾಗೆ ಏನೂ ಕಡೀಬ್ಯಾಡ್ರಿ. ರೊಟ್ಟಿ ಮುರುದು ದವಡೆಗೆ ಹಾಕ್ಕೊಳ್ರಿ."

ಆಯ್ತು ಎಂದು ಏಳುವಾಗ ನೋಡುತ್ತೇನೆ, ಅವರ ಬಿಳಿ ಕೋಟಿನ ಗುಂಡಿ ನೇತಾಡುತ್ತಿತ್ತು. ಅಂಥದ್ದನ್ನು ಕಂಡು ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಬ್ಯಾಗಿನಲ್ಲಿ ಸೂಜಿ ದಾರ ಇದ್ದೇ ಇತ್ತು.

"ಕೋಟು ಬಿಚ್ಚಿ ಕೊಡ್ರಿ ಸಾರ್, ಒಂದು ನಿಮಿಷ."

ಹೊಲಿದೆ, ಗಂಟು ಹಾಕಿದೆ, ದಾರ ಕಡಿದೆ. ಬಾಯೊಳಗೆ ಟಕ್ ಎಂದಿತು.

"ಅಯ್ಯೋ, ಅಂಟಿಸಿದ್ದು ಇನ್ನೂ ಈಗ, ಕಣ್ಣೆದುರಿಗೇ ಕಿತ್ತಿಟ್ರಲ್ಲಮ್ಮ!"

ಮತ್ತೆ ಕೂರಿಸಿ, ಮತ್ತೆ ಅಂಟಿಸಿದರು. ಈ ಸಲದ ಅಪ್ಪಣೆಯೇ ಬೇರೆ.

"ಕತ್ತರಿನ ಕೊರಳಿಗೆ ಕಟ್ಕೊಳ್ರಿ. ನಾನು ಹೇಳೋ ತನಕ ಬಿಚ್ಚಾಕೆ ಹೋಗಬ್ಯಾಡ್ರಿ."

ಕಟ್ಟಿಕೊಂಡೆ. ದಾರ ಪೋಣಿಸಿದ ಪುಟ್ಟ ಕತ್ತರಿ ರೊಟ್ಟಿ ಬಡಿಯುವಾಗಲೂ ಕೊರಳಲ್ಲೇ. ಹಲ್ಲು ಮಿಸುಕಲಿಲ್ಲ.

ಮದುವೆಯ ದಿನ ರೇಷ್ಮೆ ಸೀರೆಯುಟ್ಟು, ತಂತಿ ಯಾರಿಗೂ ಕಾಣದಿರಲೆಂದು ತುಟಿ ಬಿಗಿದುಕೊಂಡು ಬೀಗರನ್ನು ಎದುರುಗೊಂಡೆ. ಜಗಳೂರಿನ ಹೆಂಗಸರು ನನ್ನನ್ನು ನೋಡಿ, ಒಬ್ಬರನ್ನೊಬ್ಬರು ತಿವಿದುಕೊಂಡು ಕಿಸಕ್ಕನೆ ನಕ್ಕರು. ತಂತಿ ಕಂಡಿತೇನೋ ಎಂದು ತುಟಿಯನ್ನು ಇನ್ನಷ್ಟು ಬಿಗಿದೆ. ಊಟವಾದ ಮೇಲೆ ಬೀಗಿತಿಯೇ ಮುಂದೆ ಬಂದು ಪದ ಎತ್ತಿದಳು:

"ತಾಳಿ ಒಂದು ಸಾಲದಂತ ನಮ್ ಬೀಗ್ತಿಗೆ,
ಕತ್ತರಿ ಕಟ್ಕೊಂಡು ಬಂದಾಳೆ ಧಾರೆಗೆ!"

ಕೊರಳು ಮುಟ್ಟಿ ನೋಡಿಕೊಂಡೆ. ಇತ್ತು, ರೇಷ್ಮೆ ಸೀರೆಯ ಮೇಲೆ, ಎಲ್ಲರಿಗೂ ಕಾಣುವಂತೆ. ಇನ್ನು ತುಟಿ ಬಿಗಿದು ಏನು ಪ್ರಯೋಜನ? ಅಷ್ಟು ಜೋಪಾನ ಮಾಡಿದ ಹಲ್ಲನ್ನೆಲ್ಲ ತೋರಿಸಿ, ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ.