ಕಾತ್ಯಾಯಿನಿ ಮೇಡಂ ಅನುಮಾನ

ಕಾತ್ಯಾಯಿನಿ ಮೇಡಂ ಯಾವ ಸಮಾರಂಭಕ್ಕೆ ಹೋದರೂ ಕುರ್ಚಿಯ ಬೆನ್ನು ಹಿಡಿದು ಎರಡು ಸಲ ಅಲ್ಲಾಡಿಸಿ ನೋಡದೆ ಕೂರುತ್ತಿರಲಿಲ್ಲ. ತಾವು ಕೂರುವ ಕುರ್ಚಿ ಮಾತ್ರವಲ್ಲ, ಮೊದಲ ಸಾಲಿನ ಅಷ್ಟನ್ನೂ ಹಾಗೇ ನೋಡಬೇಕು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಒಂದೊಂದೇ ಕುರ್ಚಿ ಅಲ್ಲಾಡಿಸುತ್ತಾ ಬರುವ ಆ ಐವತ್ತರ ಹೆಂಗಸನ್ನು ಕಂಡು ಶಾಮಿಯಾನದವರು ಮುಸಿಮುಸಿ ನಗುತ್ತಿದ್ದರು.

"ನಗ್ಲಿ ಬಿಡು," ಎನ್ನುತ್ತಿದ್ದರು ಮೇಡಂ. "ಬಿದ್ದೋರ ಹೆಸರು ಎಲ್ರೂ ಮರೀತಾರೆ. ಕುರ್ಚಿ ಹಾಕ್ಸಿದೋರ ಹೆಸರು ಯಾರೂ ಮರೆಯಲ್ಲ."

ಅವರು ಬ್ಯಾಂಕಿನಲ್ಲಿದ್ದವರು. ಚೆಕ್ಕಿನ ಸಹಿಗಳನ್ನು ಹೋಲಿಸಿ ನೋಡುವ ಕೆಲಸದಲ್ಲೇ ಅರ್ಧ ಆಯಸ್ಸು ಕಳೆದು, ಸ್ವಯಂ ನಿವೃತ್ತಿ ಯೋಜನೆ ಬಂದಾಗ ಹೊರಬಂದು, ವಿಜಯನಗರದ ಮಾರ್ಕೆಟ್ ರಸ್ತೆಯಲ್ಲಿ ಮೆಡಿಕಲ್ ಸ್ಟೋರ್ ಮೇಲಿನ ಒಂದು ರೂಮಿನಲ್ಲಿ ಇವೆಂಟ್ ಮ್ಯಾನೇಜ್‌ಮೆಂಟ್ ಆಫೀಸು ತೆರೆದಿದ್ದರು. ಮದುವೆಯಾಗಿರಲಿಲ್ಲ. ಬಸವೇಶ್ವರನಗರದಲ್ಲಿ ಒಬ್ಬರೇ ಇರುತ್ತಿದ್ದರು. ನಾನು ಬಿ.ಕಾಂ. ಮುಗಿಸಿ ಅಲ್ಲಿಗೆ ಕೆಲಸಕ್ಕೆ ಸೇರಿದಾಗ 'ಇವೆಂಟ್ ಮ್ಯಾನೇಜ್‌ಮೆಂಟ್' ಎಂಬ ಹೆಸರೇ ನಮ್ಮ ಕಡೆಗೆ ಹೊಸದು.

"ಹಾಗಂದ್ರೆ ಏನೇ ಸವಿತಾ? ಡೆಕೋರೇಶನ್ನೋರಾ, ಅಡುಗೆ ಕಂಟ್ರಾಕ್ಟಾ?" ಅಂತ ಅಮ್ಮ ಕೇಳಿದಾಗ "ಎರಡೂ ಇರ್ಬಹುದು" ಅಂದೆ. ಅಮ್ಮನಿಗೆ ಅನುಮಾನ ಹೆಚ್ಚಾಯಿತು. ಮೊದಲ ದಿನ ಬಾಪೂಜಿ ನಗರದಿಂದ ನನ್ನ ಜೊತೆ ತಾನೂ ಹೊರಟುಬಂದಳು.

ಮೇಡಂ ಅಮ್ಮನನ್ನು ಮೇಲಿಂದ ಕೆಳಗೆ ನೋಡಿದರು. "ಮಗಳನ್ನ ಕೆಲಸಕ್ಕೆ ಕಳಿಸೋಕೆ ಇಷ್ಟ ಇದೆಯಾ, ಇಲ್ಲ ನಾಲ್ಕು ತಿಂಗಳಿಗೆ ಮದುವೆ ಅಂತ ಬಿಡಿಸ್ತೀರಾ?"

"ಮೊದಲು ಕೆಲಸ ಏನು ಅಂತ ಹೇಳಿ," ಅಂದಳು ಅಮ್ಮ.

"ಹೂವಿನೋರು, ಅಡುಗೆಯೋರು, ಮೈಕಿನೋರು, ಲೈಟಿನೋರು ಎಲ್ಲಾ ಮೊದಲಿಂದ್ಲೂ ಇದಾರೆ ಕಣಮ್ಮ. ಒಬ್ಬರು ಒಪ್ಪಿಕೊಂಡಿದ್ದು ಇನ್ನೊಬ್ಬರಿಗೆ ಗೊತ್ತಿರಲ್ಲ. ಅವರ ಮಧ್ಯೆ ನಿಂತು, ಯಾವ ಹೊತ್ತಿಗೆ ಏನು ಆಗ್ಬೇಕೋ ಅದು ಆಗೋ ಹಾಗೆ ನೋಡ್ಕೊಳೋದು ನಮ್ಮ ಕೆಲಸ. ತಪ್ಪಿದ್ರೆ ಬೈಸ್ಕೊಳೋದೂ ನಮ್ಮ ಕೆಲಸಾನೇ."

"ಇದಕ್ಕೆ ಓದು ಬೇಕಾ?"

"ಬೇಕು. ಅದಕ್ಕಿಂತ ಅನುಮಾನ ಬೇಕು."

ಅಮ್ಮನ ಮುಖ ಸಡಿಲವಾಯಿತು. ತನ್ನ ಜಾತಿಯವರೇ ಒಬ್ಬರು ಸಿಕ್ಕರು ಅನ್ನಿಸಿರಬೇಕು.

ಮೇಡಂ ನಿಘಂಟಿನಲ್ಲಿ 'ಆಗಿದೆ' ಎಂಬ ಪದ ಇರಲಿಲ್ಲ. "ಆಗಿದೆ ಅನ್ಬೇಡ, ನೋಡ್ದೆ ಅನ್ನು," ಎಂದು ತಿದ್ದುತ್ತಿದ್ದರು. ರಾಜಾಜಿನಗರದ ಒಂದು ನಿಶ್ಚಿತಾರ್ಥಕ್ಕೆ ಜನರೇಟರ್ ತಂದವನು "ಡೀಸೆಲ್ ಫುಲ್ ಇದೆ ಮೇಡಂ" ಅಂದ. ಮೇಡಂ ಮರದ ಕಡ್ಡಿಯೊಂದನ್ನು ಟ್ಯಾಂಕಿಗೆ ಇಳಿಸಿ ತೆಗೆದರು. ತುದಿ ಮಾತ್ರ ಒದ್ದೆಯಾಗಿತ್ತು. ಕಡ್ಡಿಯನ್ನು ಅವನ ಕೈಗೆ ಕೊಟ್ಟರು. ಅವನು ಓಡಿಹೋಗಿ ಡೀಸೆಲ್ ತಂದ. ಉಂಗುರ ಬದಲಾಯಿಸುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ದೀಪ ಮತ್ತೆ ಹತ್ತಿಕೊಂಡಿದ್ದು ನೋಡಿ ಹುಡುಗಿಯ ತಂದೆ ಮೇಡಂಗೆ ಕೈ ಮುಗಿದರು. ಮೇಡಂ ಆಗಲೇ ಪಾಯಸದ ಪಾತ್ರೆಯೊಳಗೆ ಇಣುಕುತ್ತಿದ್ದರು.

ಮೂರನೇ ವರ್ಷ ಒಂದು ವಿಚಿತ್ರ ಶುರುವಾಯಿತು. ನಾವು ಹೊಸ ಡಿಸೈನ್ ಹಿಡಿದುಕೊಂಡು ಹೋದರೆ ಪಾರ್ಟಿಯವರು, "ಅಯ್ಯೋ, ಇದನ್ನೇ ನಿನ್ನೆ ಇನ್ನೊಬ್ಬರು ತೋರಿಸಿದ್ರಲ್ಲ," ಅನ್ನತೊಡಗಿದರು. ಹೀಗೆ ಮೂರು ಕೆಲಸ ಕೈತಪ್ಪಿದವು. ಆಫೀಸಿನಲ್ಲಿದ್ದವರೇ ಮೂವರು: ಮೇಡಂ, ನಾನು, ಲೈಟು ಮತ್ತು ಸ್ಟೇಜು ನೋಡಿಕೊಳ್ಳುವ ಪ್ರಕಾಶ್. ಮಾತು ಕಡಿಮೆಯಾಯಿತು. ನಾನು ಫೋನ್ ಹಿಡಿದು ಬಾಲ್ಕನಿಗೆ ಹೋದರೆ ಪ್ರಕಾಶ್ ತಿರುಗಿ ನೋಡುತ್ತಿದ್ದ. ಅವನು ಬೇಗ ಹೊರಟರೆ ನಾನು ಗಡಿಯಾರ ನೋಡುತ್ತಿದ್ದೆ.

ಆಗ ಬಂದದ್ದು ಒಡವೆ ಅಂಗಡಿಯೊಂದರ ಉದ್ಘಾಟನೆ. ಮೇಡಂ ನನ್ನನ್ನು ಹತ್ತಿರ ಕರೆದು, "ಬಾಗಿಲಿಗೆ ನವಿಲು ಮಾಡಿಸೋಣ ಅಂತಿದೀನಿ. ಯಾರಿಗೂ ಹೇಳ್ಬೇಡ," ಅಂದರು. ನನ್ನೊಬ್ಬಳಿಗೇ ಹೇಳಿದ್ದಾರೆಂದು ನನಗೆ ಹೆಮ್ಮೆ. ಎರಡು ವಾರದ ಮೇಲೆ ಪ್ರಕಾಶ್ ನಗುತ್ತಾ ಬಂದ. "ಸಿಕ್ಕಿಬಿದ್ದ ಕಣೇ! ನಿಂಗೆ ನವಿಲು ಅಂದಿದ್ರಂತೆ, ನಂಗೆ ತಾವರೆ ಅಂದಿದ್ರು. ಪ್ರಿಂಟ್ ತೆಗೆಸೋ ಅಂಗಡಿಗೆ ಆನೆ ಚಿತ್ರ ಕೊಟ್ಟಿದ್ರು. ಆ ಇನ್ನೊಂದು ಕಂಪನಿಯೋರು ಒಡವೆ ಅಂಗಡಿಗೆ ಆನೆ ಹಿಡ್ಕೊಂಡು ಬಂದಿದಾರೆ!"

ಪ್ರಿಂಟ್ ಅಂಗಡಿಯವನು ನಮ್ಮ ಫೈಲುಗಳನ್ನು ಇನ್ನೊಂದು ಕಂಪನಿಗೆ ಕೊಡುತ್ತಿದ್ದ. ಪ್ರಕಾಶನಿಗೆ ಅದು ತಮಾಷೆ. ನನಗೆ ಮೈ ಉರಿಯಿತು. ಸೀದಾ ಒಳಗೆ ಹೋದೆ.

"ನನ್ನ ಮೇಲೂ ಅನುಮಾನ ಪಟ್ರಾ ಮೇಡಂ?"

"ಪಟ್ಟೆ."

"ಮೂರು ವರ್ಷದಿಂದ ಇದೀನಿ ನಾನು."

ಅವರು ಕಾಗದದಿಂದ ತಲೆ ಎತ್ತಲಿಲ್ಲ. "ನೀನಲ್ಲ ಅಂತ ಗೊತ್ತಾಗೋವರೆಗೂ ನಂಗೆ ಅನ್ನ ಸೇರಿಲ್ಲ ಕಣೇ."

ಆ ಹೊತ್ತಿಗೆ ನನಗೆ ಕೇಳಿಸಿದ್ದು 'ಪಟ್ಟೆ' ಎಂಬ ಮೊದಲನೇ ಮಾತು ಮಾತ್ರ. ಆ ತಿಂಗಳೇ ಎಂ.ಜಿ. ರಸ್ತೆ ಕಡೆಯ ದೊಡ್ಡ ಇವೆಂಟ್ ಕಂಪನಿಯೊಂದಕ್ಕೆ ಅರ್ಜಿ ಹಾಕಿದೆ, ಕೆಲಸ ಸಿಕ್ಕಿತು. ಬಿಡುತ್ತೇನೆಂದು ಹೇಳಿದಾಗ ಮೇಡಂ ಕಂಪನಿಯ ಹೆಸರು ಕೇಳಿದರು, ವಿಳಾಸ ಕೇಳಿದರು. ಒಂದು ವಾರ ಏನೂ ಹೇಳಲಿಲ್ಲ. ಆಮೇಲೊಂದು ಬೆಳಿಗ್ಗೆ, "ಹೋಗು. ಪರವಾಗಿಲ್ಲ," ಅಂದರು. ಅಷ್ಟೇ. ಕಲ್ಲು ಮನಸ್ಸಿನವರು ಅಂದುಕೊಂಡೆ.

ಹೊಸ ಕಂಪನಿಯಲ್ಲಿ ಎಂಟು ತಿಂಗಳಾದ ಮೇಲೆ, ವಿಚಾರಿಸಿಕೊಂಡು ಹೋದವರು ತುಂಬಿಕೊಟ್ಟ ಫಾರಂಗಳನ್ನು ಜೋಡಿಸುತ್ತಿದ್ದೆ. ಒಂದರಲ್ಲಿ ಪರಿಚಯದ ದುಂಡು ಅಕ್ಷರ. ತಾರೀಕು, ನಾನು ಕೆಲಸ ಬಿಡುತ್ತೇನೆಂದು ಮೇಡಂಗೆ ಹೇಳಿದ ವಾರದ್ದು. ಕಾರ್ಯಕ್ರಮ: ಮಗಳ ಮದುವೆ. ದಿನ: ಇನ್ನೂ ಗೊತ್ತಾಗಿಲ್ಲ. ವಧುವಿನ ಹೆಸರು: ಸವಿತಾ.

ರಿಸೆಪ್ಷನ್ನಿನ ಹುಡುಗಿಗೆ ತೋರಿಸಿದೆ. "ಓ, ಆ ಆಂಟಿನಾ? ಮಗಳ ಮದುವೆ ಅಂತ ಬಂದೋರು ಮದುವೆ ಬಗ್ಗೆ ಏನೂ ಕೇಳ್ಲೇ ಇಲ್ಲ. ಇಲ್ಲಿ ಹೆಣ್ಣುಮಕ್ಕಳು ಎಷ್ಟು ಜನ ಇದೀರಿ, ತಡ ಆದ್ರೆ ಮನೆಗೆ ಯಾರು ಬಿಡ್ತಾರೆ, ಸಾಹೇಬ್ರು ಹೋಗೇ ಬಾರೇ ಅಂತ ಮಾತಾಡಿಸ್ತಾರಾ ಅಂತೆಲ್ಲಾ ಕೇಳಿದ್ರು. ಟಾಯ್ಲೆಟ್ ಕೂಡ ನೋಡ್ಕೊಂಡು ಹೋದ್ರು!"

ಮಧ್ಯಾಹ್ನ ಮೇಡಂಗೆ ಫೋನ್ ಮಾಡಿದೆ.

"ಮೇಡಂ, ನಮ್ಮ ಆಫೀಸಿಗೆ ಬಂದಿದ್ರಾ?"

"ನಾನ್ಯಾಕೆ ಬರ್ಲಿ? ನಿಂಗ್ಯಾರು ಹೇಳಿದ್ದು?"

"ಫಾರಂ ಇದೆ. ನಿಮ್ಮ ಅಕ್ಷರ."

"ನನ್ನ ಹಾಗೆ ಬರೆಯೋರು ಬೇಕಾದಷ್ಟು ಜನ ಇರ್ತಾರೆ," ಅಂದರು. ಆಮೇಲೆ ಕೇಳಿದರು, "ಊಟ ಆಯ್ತಾ?"

"ಆಯ್ತು ಮೇಡಂ."

"ಸುಳ್ಳು," ಎಂದು ಫೋನ್ ಇಟ್ಟರು.

ಭಾನುವಾರ ಹೋಗಿ ನೋಡಿಕೊಂಡು ಬರಬೇಕು ಅಂದುಕೊಂಡೇ ಎಷ್ಟೋ ಭಾನುವಾರ ಕಳೆದವು. ಎರಡು ತಿಂಗಳ ಮೇಲೆ ಪ್ರಕಾಶ್ ಫೋನ್ ಮಾಡಿದ, ಮೇಡಂ ಹೃದಯಾಘಾತವಾಗಿ ತೀರಿಕೊಂಡರು ಅಂದ.

ಫೋನಿನಲ್ಲಿ 'ಆಯ್ತು' ಅಂದ ಆ ದಿನ ನಾನು ಊಟ ಮಾಡಿರಲಿಲ್ಲ, ನಿಜ.